ಕಲ್ಲಿದ್ದಲ ಪೆಟ್ಟಿಗೆ ಯಾರ ಕೋಣೆಯಲ್ಲಿದೆ?

1843ರ ಡಿಸೆಂಬರಿನಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ನಮ್ಮಲ್ಲಿ ಬಹಳಷ್ಟು ಜನ ಓದಿರುವ, ಓದದಿದ್ದರೂ ಕೇಳಿರುವ ಕಥೆ. ಜಿಪುಣ ಸ್ಕ್ರೂಜ್, ರಾತ್ರಿ ಬರುವ ಭೂತಗಳು, ಬೆಳಗಾಗುವಷ್ಟರಲ್ಲಿ ಕರಗಿಹೋಗುವ ಅವನ ಕಲ್ಲುಮನಸ್ಸು. ಹೆಚ್ಚಿನವರಿಗೆ ನೆನಪಿರುವುದು ಇಷ್ಟು. ಆದರೆ ಕಥೆಯ ಮೊದಲ ಪುಟಗಳಲ್ಲೇ ಒಂದು ಕಲ್ಲಿದ್ದಲ ಪೆಟ್ಟಿಗೆ ಇದೆ. ಅದು ಇರುವುದು ಸ್ಕ್ರೂಜನ ಕೋಣೆಯಲ್ಲಿ. ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಪತ್ರಗಳನ್ನು ನಕಲು ಮಾಡುವ ಗುಮಾಸ್ತನ ಒಲೆಯಲ್ಲಿ ಒಂದೇ ಒಂದು ಕೆಂಡ ಇದ್ದಂತೆ ಕಾಣುತ್ತದೆ. ಇನ್ನೊಂದು ತುಂಡು ಹಾಕೋಣವೆಂದರೆ ಯಜಮಾನನ ಎದುರು ಸಲಿಕೆ ಹಿಡಿದು ಹೋಗಬೇಕು, ಹೋದರೆ ಕೆಲಸ ಹೋಗುತ್ತದೆ. ಹಾಗಾಗಿ ಗುಮಾಸ್ತ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮೇಣದಬತ್ತಿಯಲ್ಲಿ ಮೈ ಕಾಯಿಸಿಕೊಳ್ಳಲು ನೋಡುತ್ತಾನೆ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಚಳಿ ಕಂಡವರಿಗೆ ಇದು ಹಳೆಯ ಕಥೆ ಎನ್ನಿಸುವುದಿಲ್ಲ. ಈ ದೇಶದಲ್ಲಿ ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಪತ್ರಿಕೆ, ರೇಡಿಯೊ, ಇಂಧನ ಕಂಪನಿ, ನಗರಸಭೆ ಎಲ್ಲರೂ ಒಂದೇ ರಾಗ ಶುರು ಮಾಡುತ್ತಾರೆ: ಚಳಿಗಾಲಕ್ಕೆ ನಿಮ್ಮ ಮನೆ ಸಿದ್ಧವಾಗಿದೆಯೇ? ಕೆಳಗೊಂದು ಪಟ್ಟಿ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಪೆಟ್ಟಿಗೆ ಯಾರ ಕೋಣೆಯಲ್ಲಿದೆ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ನನ್ನ ಜಗಳ ಇರುವುದು ಅದರ ಜೊತೆ. ಅದೇ ಪಟ್ಟಿಯನ್ನು ಕನ್ನಡಕ್ಕಿಳಿಸಿ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ವಾಟ್ಸಾಪಿನಲ್ಲಿ ಹಂಚಿ, ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುವ ನಮ್ಮವರ ಜೊತೆಯೂ ಇದೆ.

ಮೊದಲು ಪಟ್ಟಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಇಲ್ಲಿನ ಬಹುಪಾಲು ಮನೆಗಳಲ್ಲಿ ಅಡುಗೆಮನೆಯ ಗೋಡೆಗೋ ಮೆಟ್ಟಿಲ ಕೆಳಗೋ ಒಂದು ಬಿಳಿ ಡಬ್ಬ ಇರುತ್ತದೆ. ಅದೇ ಬಾಯ್ಲರ್. ಗ್ಯಾಸು ಉರಿಸಿ ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ಪ್ರತಿ ಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿ ಬಿಸಿ ಬಿಟ್ಟುಕೊಟ್ಟ ನೀರು ಮತ್ತೆ ಬಾಯ್ಲರಿಗೆ ಬರುತ್ತದೆ. ನಮ್ಮ ಬಚ್ಚಲ ಹಂಡೆಗೆ ಕೊಳವೆ ಜೋಡಿಸಿ ಮನೆಯೆಲ್ಲ ಸುತ್ತಿಸಿದರೆ ಹೇಗೋ ಹಾಗೆ. ಬೇಸಗೆಯ ತಿಂಗಳುಗಳಲ್ಲಿ ಇದೆಲ್ಲ ಸುಮ್ಮನೆ ಕೂತಿರುತ್ತದೆ. ಪಂಪು ಬಿಗಿದುಕೊಳ್ಳಬಹುದು, ರೇಡಿಯೇಟರಿನ ವಾಲ್ವಿನ ಒಳಗಿನ ಕಡ್ಡಿ ಅಂಟಿಕೊಳ್ಳಬಹುದು. ಆದ್ದರಿಂದ ಚಳಿ ಬರುವ ಮುಂಚೆಯೇ, ಸೆಪ್ಟೆಂಬರಿನಲ್ಲೇ, ಅರ್ಧ ಗಂಟೆ ಹಚ್ಚಿ ನೋಡಬೇಕು. ಡಿಸೆಂಬರಿನಲ್ಲಿ ಕೆಟ್ಟರೆ ರಿಪೇರಿಯವರು ಕೈಗೆ ಸಿಗುವುದಿಲ್ಲ.

ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಹೀಟಿಂಗ್ ಆರಿಸಿ, ಆರಲು ಬಿಟ್ಟು, ಪಕ್ಕದ ಸಣ್ಣ ತಿರುಪನ್ನು ಕೀಲಿಯಿಂದ ಸಡಿಲಿಸಿದರೆ ಗಾಳಿ ಬುಸ್ಸೆಂದು ಹೊರಡುತ್ತದೆ. ನೀರು ಒಸರಿದ ಕೂಡಲೇ ಬಿಗಿಮಾಡಬೇಕು. ಮೇಲೆ ಬಿಸಿಯಿದ್ದು ಕೆಳಗೆ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿದೆ, ಅದನ್ನು ತೊಳೆಯುವುದು ಬಲ್ಲವರ ಕೆಲಸ. ಗಾಳಿ ಬಿಟ್ಟ ಮೇಲೆ ಬಾಯ್ಲರಿನ ಮುಳ್ಳು ನೋಡಬೇಕು. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಒತ್ತಡ ಇರಬೇಕು. ಬಾಯ್ಲರಿನಿಂದ ಹೊರಗೆ ಹೋಗುವ ತೆಳು ಪ್ಲಾಸ್ಟಿಕ್ ಕೊಳವೆ ಹಿಮಗಟ್ಟಿದರೆ ಇಡೀ ವ್ಯವಸ್ಥೆ ನಿಂತುಬಿಡುತ್ತದೆ, ಅದಕ್ಕೆ ಮೊದಲೇ ಹೊದಿಕೆ ಸುತ್ತಬೇಕು.

ಇನ್ನೊಂದು ಮುಖ್ಯ ವಿಷಯ, ಬಾಯ್ಲರು ಎಷ್ಟು ಬಿಸಿ ನೀರನ್ನು ಕಳಿಸುತ್ತದೆ ಎಂಬುದು. 2005ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯದ್ದೇ ಆಗಿರಬೇಕು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ, ಅದು ನೀರಾಗುವಾಗ ಬಿಡುವ ಶಾಖವನ್ನೂ ಹಿಡಿದುಕೊಳ್ಳುವುದು ಅದರ ಜಾಣತನ. ಆದರೆ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಜಾಣತನ ಕೆಲಸ ಮಾಡುತ್ತದೆ. ಎಷ್ಟೋ ಮನೆಗಳಲ್ಲಿ ಬಾಯ್ಲರನ್ನು 75, 80 ಡಿಗ್ರಿಗೆ ಇಟ್ಟುಬಿಟ್ಟಿರುತ್ತಾರೆ. 60ಕ್ಕೆ ಇಳಿಸಿದರೆ ಕೋಣೆ ನಿಧಾನವಾಗಿ ಬೆಚ್ಚಗಾಗುತ್ತದೆ, ಗ್ಯಾಸು ಉಳಿಯುತ್ತದೆ. ಬಿಸಿನೀರಿನ ದೊಡ್ಡ ಟ್ಯಾಂಕ್ ಇರುವ ಮನೆಗಳಲ್ಲಿ ಮಾತ್ರ ಟ್ಯಾಂಕಿನ ನೀರಿನ ಬಿಸಿಯನ್ನು 60ಕ್ಕಿಂತ ಕೆಳಗೆ ಇಳಿಸಬಾರದು, ಟ್ಯಾಂಕಿನಲ್ಲಿ ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಇಷ್ಟು ಮಾಹಿತಿ ಎಲ್ಲರಿಗೂ ಬೇಕು. ಈಗ ಇದನ್ನೇ ಒಬ್ಬ ಬಾಡಿಗೆದಾರರ ಕಣ್ಣಿನಿಂದ ಮತ್ತೊಮ್ಮೆ ಓದಿ. ಬಾಯ್ಲರಿನ ಸರ್ವಿಸ್ ಮಾಡಿಸಿ: ಬಾಯ್ಲರ್ ನಿಮ್ಮದಲ್ಲ. ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಸಿ: ಅಟ್ಟದ ಬೀಗ ನಿಮ್ಮ ಹತ್ತಿರ ಇಲ್ಲ. ಕಿಟಕಿ ಬದಲಿಸಿ: ಗೋಡೆಗೆ ಒಂದು ಮೊಳೆ ಹೊಡೆಯಲೂ ಒಪ್ಪಂದದಲ್ಲಿ ಅನುಮತಿಯಿಲ್ಲ. ಥರ್ಮೋಸ್ಟಾಟನ್ನು ಹೊಂದಿಸಿ: ವಿದ್ಯಾರ್ಥಿಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಹಿಡಿಯುವ ಎಷ್ಟೋ ಮನೆಗಳಲ್ಲಿ ಥರ್ಮೋಸ್ಟಾಟ್ ಇರುವುದು ಮಾಲೀಕನ ಫೋನಿನಲ್ಲಿ. ನಾನಿರುವ ಮನೆಯಲ್ಲಿ ಐದು ಜನ. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ರೇಡಿಯೇಟರ್ ಬಿಸಿಯಾಗುತ್ತದೆ. ಮಿಕ್ಕ ಹೊತ್ತು, ಹಗಲೆಲ್ಲ ಕೋಣೆಯಲ್ಲೇ ಕೂತು ಪ್ರಬಂಧ ಬರೆಯುವವರು ಇದ್ದರೂ, ಆ ಆಪ್ ಮಲಗಿರುತ್ತದೆ. ಬಾಡಿಗೆಯಲ್ಲೇ ಕರೆಂಟು ಗ್ಯಾಸು ಎಲ್ಲ ಸೇರಿದೆ ಎಂದು ಜಾಹೀರಾತಿನಲ್ಲಿತ್ತು. ಸೇರಿದೆ ನಿಜ, ಎಷ್ಟು ಸೇರಿದೆ ಎಂಬುದನ್ನು ತೀರ್ಮಾನಿಸುವ ಗುಂಡಿ ಇನ್ನೊಬ್ಬರ ಜೇಬಿನಲ್ಲಿದೆ.

ಏಜೆಂಟರಿಗೆ ಫೋನು ಮಾಡಿದರೆ ನಯವಾದ ಉತ್ತರ ಬರುತ್ತದೆ. 'ನೀವು ಬಿಸಿ ದೇಶದಿಂದ ಬಂದವರಲ್ಲವೇ, ಒಂದೆರಡು ವರ್ಷದಲ್ಲಿ ಅಭ್ಯಾಸವಾಗುತ್ತದೆ. ಅಲ್ಲಿಯವರೆಗೆ ಸ್ವೆಟರ್ ಹಾಕಿಕೊಳ್ಳಿ.' ಮೇಲಿನ ಕೋಣೆಯ ದಾವಣಗೆರೆಯ ಹುಡುಗ ಇದನ್ನು ಕೇಳಿ, 'ಅಕ್ಕ, ನಾನು ಎರಡು ಸ್ವೆಟರ್ ಹಾಕ್ಕೊಂಡೇ ಮಲಗ್ತಿದೀನಿ, ಮೂರನೇದು ಎಲ್ಲಿ ಹಾಕ್ಕೊಳ್ಲಿ' ಎಂದು ನಕ್ಕ. ನಗುವ ಮಾತೇ. ಆದರೆ ಈ ಸ್ವೆಟರ್ ಉಪದೇಶವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಮನೆಯ ದೋಷವನ್ನು ಮೈಯ ದೋಷವಾಗಿ ಮಾಡಿಬಿಡುತ್ತದೆ. ಮನೆ ತಣ್ಣಗಿಲ್ಲ, ನೀನು ಒಗ್ಗಿಲ್ಲ. ಕೆಟ್ಟಿರುವುದು ಬಾಯ್ಲರಲ್ಲ, ನಿನ್ನ ಅಭ್ಯಾಸ.

ಈ ಉಪದೇಶ ವಲಸೆ ಬಂದವರಿಗೆ ಮಾತ್ರ ಮೀಸಲಾದದ್ದೂ ಅಲ್ಲ. 2022ರ ಜನವರಿಯಲ್ಲಿ ಇಲ್ಲಿನ ಒಂದು ದೊಡ್ಡ ಇಂಧನ ಸಮೂಹದ ಕಂಪನಿ, ಬಿಲ್ಲು ಉಳಿಸುವ ಉಪಾಯವೆಂದು ತನ್ನ ಗ್ರಾಹಕರಿಗೆ ಸಾಕುಪ್ರಾಣಿಗಳನ್ನು ಅಪ್ಪಿಕೊಳ್ಳಿ, ಗಂಜಿ ಕುಡಿಯಿರಿ, ಮನೆಯೊಳಗೆ ಜಿಗಿದು ವ್ಯಾಯಾಮ ಮಾಡಿ ಎಂದು ಸಲಹೆ ಕೊಟ್ಟಿತ್ತು. ದೇಶವೇ ಉಗಿದ ಮೇಲೆ ಕ್ಷಮೆ ಕೇಳಿತು. ಅದೇ ವರ್ಷ ಬೆಲೆ ಎಲ್ಲಿಗೆ ಹೋಯಿತು ನೋಡಿ. 2021ರ ಅಕ್ಟೋಬರಿನಲ್ಲಿ ಸಾಧಾರಣ ಕುಟುಂಬವೊಂದರ ವರ್ಷದ ಗ್ಯಾಸು ಮತ್ತು ಕರೆಂಟಿಗೆ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಲೆಕ್ಕ ಹಾಕಿದ ಮಿತಿ 1,277 ಪೌಂಡು. 2022ರ ಅಕ್ಟೋಬರಿಗೆ ಅದು 3,549 ಆಗುವುದಿತ್ತು. ಸರ್ಕಾರ ನಡುವೆ ಬಂದು 2,500ಕ್ಕೆ ನಿಲ್ಲಿಸಿತು. ರಷ್ಯಾ ಉಕ್ರೇನಿನ ಮೇಲೆ ನಡೆಸಿದ ಯುದ್ಧ, ಗ್ಯಾಸಿನ ಮಾರುಕಟ್ಟೆ, ಶಾಖವನ್ನು ಹಿಡಿದಿಡದ ಹಳೆಯ ಗೋಡೆಗಳು, ಇಷ್ಟೆಲ್ಲ ಕಾರಣಗಳಿರುವ ಸಂಕಟಕ್ಕೆ ಗಂಜಿಯ ಪರಿಹಾರ! ಡಿಕನ್ಸನ ಗುಮಾಸ್ತನ ಮಫ್ಲರು ಅಲ್ಲಿಂದ ಇಲ್ಲಿಯವರೆಗೂ ಹರಿಯದೆ ಉಳಿದಿದೆ.

ಗೋಡೆಗಳ ಮಾತು ಬಂತು. ಇಂಗ್ಲೆಂಡಿನ ಸುಮಾರು ಐದರಲ್ಲೊಂದು ಮನೆ 1919ಕ್ಕಿಂತ ಮುಂಚೆ ಕಟ್ಟಿದ್ದು. ಸಾಲುಮನೆಗಳ ಆ ಗೋಡೆ ಬರೀ ಇಟ್ಟಿಗೆ, ನಡುವೆ ಗಾಳಿಯ ಪದರವಿಲ್ಲ. ಕೋಣೆಗೊಂದು ಕಲ್ಲಿದ್ದಲ ಅಗ್ಗಿಷ್ಟಿಕೆ ಇಟ್ಟು ಕಟ್ಟಿದ ಮನೆಗಳು ಅವು. ಬೆಂಕಿ ಗಾಳಿಯನ್ನು ಎಳೆದು ಚಿಮಣಿಯಿಂದ ಹೊರಹಾಕುತ್ತಿತ್ತು, ಅದರ ಜೊತೆ ತೇವವೂ ಹೋಗುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜಿಗೆ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ನಿಧಾನವಾಗಿ ಕಲ್ಲಿದ್ದಲು ಹೋಯಿತು, ಗ್ಯಾಸು ಬಂತು. ಒಳ್ಳೆಯದೇ ಆಯಿತು. ಆದರೆ ಅಗ್ಗಿಷ್ಟಿಕೆಗೆ ಹಲಗೆ ಬಡಿದು ಮುಚ್ಚಿ, ಅದೇ ತೆಳು ಗೋಡೆಗೆ ರೇಡಿಯೇಟರ್ ನೇತುಹಾಕಿದಾಗ ಒಂದು ಹೊಸ ಕಾಯಿಲೆ ಮನೆಯೊಳಗೆ ಬಂತು. ತಣ್ಣೀರಿನ ಲೋಟದ ಮೈ ಬೆವರುವಂತೆ ತಣ್ಣನೆ ಗೋಡೆ ಬೆವರುತ್ತದೆ. ಬೆವರಿದ ಕಡೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅಡುಗೆಯ ಆವಿ, ಒದ್ದೆ ಬಟ್ಟೆ, ನಮ್ಮ ಉಸಿರು ಎಲ್ಲವೂ ತೇವ ಕೊಡುತ್ತವೆ ಎಂಬುದು ನಿಜ. ಆದರೆ ಅದೇ ಉಸಿರು ಬೆಚ್ಚನೆಯ ಗೋಡೆಯ ಮೇಲೆ ನೀರಾಗುವುದಿಲ್ಲ.

ಇದು ಸಾವು ಬದುಕಿನ ಪ್ರಶ್ನೆ ಎಂಬುದಕ್ಕೆ ಒಂದು ಹೆಸರು ಹೇಳಲೇಬೇಕು. ಅವಾಬ್ ಇಶಾಕ್. ಸುಡಾನಿನಿಂದ ಬಂದ ದಂಪತಿಯ ಮಗು, ಎರಡು ವರ್ಷದ್ದು. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನಲ್ಲಿ ದೀರ್ಘಕಾಲ ಉಸಿರಾಡಿದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣ ಎಂದು 2022ರ ನವೆಂಬರಿನಲ್ಲಿ ಮರಣ ವಿಚಾರಣೆಯ ಅಧಿಕಾರಿ ತೀರ್ಮಾನಿಸಿದರು. ತಂದೆ 2017ರಿಂದಲೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಆ ಕುಟುಂಬದ ಜೀವನಶೈಲಿಯ ಬಗ್ಗೆ, ಅವರ ಸ್ನಾನದ ಪದ್ಧತಿಯ ಬಗ್ಗೆ ಊಹೆಗಳನ್ನು ಕಟ್ಟಿಕೊಂಡಿದ್ದ ವಸತಿ ಸಂಸ್ಥೆ, ಜೀವನಶೈಲಿಯ ಕುರಿತ ಆ ಊಹೆಗಳು ತಪ್ಪು ಎಂದು ಮಗು ಹೋದ ಮೇಲೆ ಒಪ್ಪಿಕೊಂಡಿತು. ಬಕೆಟ್ಟು ಚೊಂಬು ಹಿಡಿದು ಮೀಯುವ ಜನ ನಾವು. ಒಗ್ಗರಣೆ ಹಾಕದೆ ಸಾರು ಮಾಡಲು ಬಾರದವರು. 'ನಿಮ್ಮವರ ಅಡುಗೆಯಿಂದಲೇ ಗೋಡೆ ಹಾಳಾಗುವುದು' ಎಂದು ಯಾರಾದರೂ ನಕ್ಕಾಗ, ತಪ್ಪು ನಮ್ಮದೇ ಇರಬೇಕೆಂದು ತಲೆ ತಗ್ಗಿಸುವ ಮುಂಚೆ ಈ ಮಗುವನ್ನು ನೆನೆಯಬೇಕು.

ಕಾನೂನು ಇಲ್ಲವೇ? ಇದೆ. ಕೋಣೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ಸಲಕರಣೆಗಳನ್ನು ಕೆಲಸ ಮಾಡುವ ಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ ಎಂದು 1985ರ ಮಾಲೀಕ ಬಾಡಿಗೆದಾರ ಕಾಯ್ದೆಯ 11ನೇ ಕಲಮು ಹೇಳುತ್ತದೆ. ಗ್ಯಾಸಿನ ಸಲಕರಣೆಗಳನ್ನು ವರ್ಷಕ್ಕೊಮ್ಮೆ ನೋಂದಾಯಿತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ ಅದರ ಪತ್ರವನ್ನು ಬಾಡಿಗೆದಾರರಿಗೆ ಕೊಡಬೇಕು. ಮನೆಯ ಶಾಖದ ದಕ್ಷತೆಗೆ ಎಯಿಂದ ಜಿವರೆಗೆ ದರ್ಜೆಗಳಿವೆ, 2020ರ ಏಪ್ರಿಲಿನಿಂದ ಇಯಿಗಿಂತ ಕೆಳಗಿನ ದರ್ಜೆಯ ಮನೆಯನ್ನು ವಿನಾಯಿತಿ ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ಅವಾಬನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಗಳಲ್ಲಿ ಜಾರಿಗೆ ಬಂದಿದೆ. ಅದನ್ನು ಖಾಸಗಿ ಬಾಡಿಗೆ ಮನೆಗಳಿಗೂ ವಿಸ್ತರಿಸುವ ಅವಕಾಶ ಅದೇ ವರ್ಷದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿದೆ. ಕಾರಣ ಹೇಳದೆ ಮನೆ ಬಿಡಿಸುವ 21ನೇ ಕಲಮನ್ನು 2026ರ ಮೇ 1ರಿಂದ ತೆಗೆದುಹಾಕುವುದೂ ಆ ಕಾಯ್ದೆಯೇ. ದೂರು ಕೊಟ್ಟರೆ ಮನೆ ಹೋದೀತು ಎಂಬ ಭಯದಲ್ಲಿ ಎಷ್ಟು ಚಳಿಗಾಲಗಳು ಬಾಯಿಮುಚ್ಚಿ ಕಳೆದಿವೆಯೋ!

ಇಲ್ಲಿ ನಮ್ಮದೇ ಮನೆಯ ಒಂದು ಮಾತು. 2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ 'ಕರ್ನಾಟಕದ ಅಳಿಯ' ಎಂದು ನಾವೆಲ್ಲ ಹಿಗ್ಗಿದೆವು. ಟೀವಿಗಳಲ್ಲಿ ಸಡಗರವೋ ಸಡಗರ. ಬಾಡಿಗೆ ಮನೆಗಳೆಲ್ಲ 2028ರೊಳಗೆ ಸಿ ದರ್ಜೆಗೆ ಏರಬೇಕು ಎಂಬ ಪ್ರಸ್ತಾವ ಆಗ ಸರ್ಕಾರದ ಮುಂದಿತ್ತು. ಹನ್ನೊಂದು ತಿಂಗಳ ನಂತರ, 2023ರ ಸೆಪ್ಟೆಂಬರಿನಲ್ಲಿ, ಅಳಿಯಂದಿರು ಅದನ್ನು ಕೈಬಿಟ್ಟರು. ಮಾಲೀಕರಿಗೆ ಹೊರೆಯಾಗುತ್ತದೆ ಎಂಬುದು ಕಾರಣ. ಆ ನಿರ್ಧಾರದ ಬಿಸಿ, ಅಂದರೆ ಚಳಿ, ತಟ್ಟಿದವರಲ್ಲಿ ಹುಬ್ಬಳ್ಳಿ, ಮೈಸೂರು, ದಾವಣಗೆರೆಯಿಂದ ಸಾಲ ಮಾಡಿ ಬಂದ ಮಕ್ಕಳೂ ಇದ್ದರು. ಆ ಸುದ್ದಿಯನ್ನು ನಮ್ಮ ಯಾವ ಚಾನೆಲ್ಲೂ ಸಂಭ್ರಮದಷ್ಟು ಹೊತ್ತು ತೋರಿಸಿದ್ದನ್ನು ನಾನು ಕಾಣೆ.

ಇದು ಸುದ್ದಿವಾಹಿನಿಗಳ ದೋಷ ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಿತ್ತು. ನಮ್ಮ ಬರವಣಿಗೆಯಲ್ಲೂ ಇದೇ ಇದೆ. ನಾನು ಓದಿದ ಕನ್ನಡದ ಪ್ರವಾಸ ಕಥನಗಳಲ್ಲಿ, ಇವತ್ತು ಹೊರದೇಶದಿಂದ ಬರುತ್ತಿರುವ ಅಂಕಣಗಳಲ್ಲಿ, ಹಿಮ ಯಾವಾಗಲೂ ಕಿಟಕಿಯ ಆಚೆ ಬೀಳುತ್ತದೆ. ಬರೆಯುವವರು ಕಿಟಕಿಯ ಈಚೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಹತ್ತಿಯಂತೆ, ಮಲ್ಲಿಗೆಯಂತೆ, ಅಕ್ಕಿಹಿಟ್ಟಿನಂತೆ ಬೀಳುವ ಹಿಮಕ್ಕೆ ನಮ್ಮಲ್ಲಿ ಉಪಮೆಗಳ ಕೊರತೆಯಿಲ್ಲ. ಕಿಟಕಿಯ ಈಚೆ ಯಾಕೆ ಬೆಚ್ಚಗಿದೆ, ಅದಕ್ಕೆ ದುಡ್ಡು ಕೊಟ್ಟವರು ಯಾರು, ಬಾಯ್ಲರ್ ಕೆಟ್ಟ ವಾರ ಏನಾಯಿತು ಎಂಬ ಬಗ್ಗೆ ಒಂದು ಪುಟ ಸಿಗುವುದೂ ಕಷ್ಟ. ಸಿಕ್ಕರೂ ಹಾಸ್ಯ ಪ್ರಸಂಗವಾಗಿ ಸಿಗುತ್ತದೆ. ಹಳ್ಳಿಯ ಬರವನ್ನು, ಹಸಿವನ್ನು, ಸೋರುವ ಮನೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದ ಭಾಷೆ ಇದು. ವಿಮಾನ ಹತ್ತಿದ ಕೂಡಲೇ ಅದೇ ಭಾಷೆಗೆ ಬಾಡಿಗೆ ರಸೀದಿ ಕಾಣದಂತಾಗುವುದು ಯಾಕೆ? ನಾವು ಊರಿಗೆ ಕಳಿಸುವ ಫೋಟೋದ ಹಾಗೆ ಬರೆಯುತ್ತಿದ್ದೇವೆ ಎಂಬುದು ನನ್ನ ಅನುಮಾನ. ಸಾಲ ಕಟ್ಟುತ್ತಿರುವ ಅಪ್ಪ ಅಮ್ಮನಿಗೆ ಬೂಷ್ಟು ಹಿಡಿದ ಗೋಡೆ ಯಾರು ತೋರಿಸುತ್ತಾರೆ?

ಮಲೆನಾಡಿನವರಿಗೆ ಈ ತಯಾರಿಯ ಮಾತು ಹೊಸದಲ್ಲ. ಮಳೆ ಹಿಡಿಯುವ ಮೊದಲು ಕಟ್ಟಿಗೆ ಒಟ್ಟಿ, ಒಣಗಿಸಿ, ಕೊಟ್ಟಿಗೆಯ ಅಟ್ಟ ತುಂಬಿಸದಿದ್ದರೆ ಮಳೆಗಾಲದ ಬಚ್ಚಲ ಒಲೆ ಉರಿಯುವುದಿಲ್ಲ. ಹಾಗೆಂದು ಅಜ್ಜಿಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಆ ಕಟ್ಟಿಗೆ ಹೊತ್ತವರು ಯಾರು, ಹೊಗೆ ಕುಡಿದವರು ಯಾರು, ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ ಇದ್ದವರೆಷ್ಟು, ಇಲ್ಲದವರೆಷ್ಟು ಎಂದು ಕೇಳಿದರೆ ಅಲ್ಲೂ ಇದೇ ಪೆಟ್ಟಿಗೆ ಸಿಗುತ್ತದೆ. ತಯಾರಿ ಎನ್ನುವುದು ಯಾವ ಕಾಲದಲ್ಲೂ ಜಾಣ್ಮೆಯೊಂದರಿಂದ ಆದದ್ದಲ್ಲ. ಕೈಯಲ್ಲಿ ಹಕ್ಕಿದ್ದವರು ತಯಾರಾದರು, ಇಲ್ಲದವರು ನಡುಗಿದರು.

ಇದಕ್ಕೆ ಬರುವ ಎರಡು ಆಕ್ಷೇಪಗಳನ್ನು ಬಲ್ಲೆ. ಒಂದು, 'ನಾವೂ ಬಂದಾಗ ಹೀಗೇ ಕಷ್ಟಪಟ್ಟೆವು' ಎಂಬ ಹಿರಿಯರದು. ಸಂಘದ ದೀಪಾವಳಿ ಊಟದಲ್ಲಿ ಈ ಮಾತು ಪಾಯಸದಷ್ಟೇ ಖಾಯಂ. ಸ್ವಾಮಿ, ನೀವು ಪಟ್ಟ ಕಷ್ಟಕ್ಕೆ ಗೌರವವಿದೆ. ಆದರೆ ಚಳಿ ಮನುಷ್ಯನನ್ನು ಗಟ್ಟಿಮಾಡುವುದಿಲ್ಲ. ರಕ್ತದೊತ್ತಡ ಏರಿಸುತ್ತದೆ, ಶ್ವಾಸಕೋಶವನ್ನು ದುರ್ಬಲ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ತಣ್ಣನೆ ದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದಿದೆ. ಕನ್ನಡಿಗರಿಗೆ ಎರಡು ಡಿಗ್ರಿ ಕಡಿಮೆ ಎಂದೇನೂ ಅದರಲ್ಲಿ ಬರೆದಿಲ್ಲ.

ಇನ್ನೊಂದು, 'ಊರಿನಲ್ಲಿ ಬೀದಿಯಲ್ಲಿ ಮಲಗುವವರಿದ್ದಾರೆ, ನಿಮ್ಮದೇನು ದೊಡ್ಡ ಕಷ್ಟ, ಇಷ್ಟಪಟ್ಟು ಹೋದವರಲ್ಲವೇ' ಎಂಬುದು. ಇಷ್ಟಪಟ್ಟೇ ಬಂದೆವು. ಓದಲು ಇಷ್ಟಪಟ್ಟೆವು, ನಡುಗಲು ಅಲ್ಲ. ಮತ್ತೊಬ್ಬರ ದೊಡ್ಡ ಸಂಕಟವನ್ನು ತೋರಿಸಿ ಈ ಸಂಕಟದ ಬಾಯಿ ಮುಚ್ಚಿಸಿದರೆ ಬೀದಿಯಲ್ಲಿ ಮಲಗಿದವರಿಗೆ ಒಂದು ಕಂಬಳಿಯೂ ಹೆಚ್ಚಿಗೆ ಸಿಗುವುದಿಲ್ಲ. ಇನ್ನು ಇಲ್ಲಿನ ನೆರವುಗಳನ್ನು ಪಡೆಯೋಣವೆಂದರೆ, ಸರ್ಕಾರಿ ನೆರವಿಗೆ ಹಕ್ಕಿಲ್ಲ ಎಂಬ ಷರತ್ತಿನ ಮೇಲೆಯೇ ವಿದ್ಯಾರ್ಥಿ ವೀಸಾ ಕೊಟ್ಟಿರುತ್ತಾರೆ. ಪದವಿ ಮಟ್ಟದ ವಿದ್ಯಾರ್ಥಿ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತೆಯೂ ಇಲ್ಲ. ಹೆಚ್ಚು ದುಡಿದು ಬಿಲ್ಲು ಕಟ್ಟುವ ದಾರಿಯೂ ಮುಚ್ಚಿದೆ.

ಹಾಗಾದರೆ ಚಳಿಗಾಲದ ತಯಾರಿ ಎಂದರೇನು? ನನ್ನ ಪ್ರಕಾರ ಅದು ಅಕ್ಟೋಬರಿನಲ್ಲಿ ಶುರುವಾಗುವುದಿಲ್ಲ, ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಶುರುವಾಗುತ್ತದೆ. ಮನೆಯ ಶಾಖದರ್ಜೆ ಎಷ್ಟು? ಇದನ್ನು ಅಂಚೆ ಸಂಖ್ಯೆ ಹಾಕಿ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಬೆಂಗಳೂರಿನಲ್ಲಿ ಕೂತೂ ನೋಡಬಹುದು. ಈ ವರ್ಷದ ಗ್ಯಾಸ್ ಪರೀಕ್ಷೆಯ ಪತ್ರ ಎಲ್ಲಿ? ಥರ್ಮೋಸ್ಟಾಟ್ ಯಾರ ಕೈಯಲ್ಲಿ? ಬಿಲ್ಲು ಸೇರಿದೆ ಎಂದರೆ ಮಿತಿ ಎಷ್ಟು? ಮನೆಗೆ ಹೋದ ಮೇಲೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟು ದಿನಾಂಕದೊಂದಿಗೆ ಬರೆದಿಡಿ, ಬೂಷ್ಟಿನ ಫೋಟೋ ತೆಗೆಯಿರಿ, ದೂರನ್ನು ಫೋನಿನಲ್ಲಿ ಹೇಳದೆ ಇಮೇಲಿನಲ್ಲಿ ಬರೆಯಿರಿ. ಉತ್ತರ ಬರದಿದ್ದರೆ ನಗರಸಭೆಯ ವಸತಿ ವಿಭಾಗಕ್ಕೆ ಹೋಗಿ. ವಿಪರೀತ ಚಳಿಯೂ ಬೂಷ್ಟೂ ಅವರು ಪರಿಶೀಲಿಸಬೇಕಾದ ಅಪಾಯಗಳ ಪಟ್ಟಿಯಲ್ಲೇ ಇವೆ. ಒಬ್ಬರೇ ಹೋಗುವ ಬದಲು ಮನೆಯ ಐವರೂ ಸಹಿ ಹಾಕಿ ಹೋಗಿ.

ಕನ್ನಡ ಸಂಘಗಳಿಗೆ ಒಂದು ವಿನಂತಿ. ರಾಜ್ಯೋತ್ಸವ ಬರುವುದು ನವೆಂಬರಿನಲ್ಲಿ, ಸರಿಯಾಗಿ ಚಳಿ ಹಿಡಿಯುವ ಹೊತ್ತಿಗೆ. ಆ ದಿನ ಬಾವುಟ ಹಾರಿಸಿ, ಹಾಡು ಹಾಡಿ, ಹೋಳಿಗೆ ತಿನ್ನೋಣ. ಜೊತೆಗೆ ಒಂದು ಮೇಜು ಹಾಕಿ. ಇಪ್ಪತ್ತು ವರ್ಷದಿಂದ ಇಲ್ಲಿರುವ ಇಬ್ಬರು ಕೂತು ಹೊಸಬರ ಬಾಡಿಗೆ ಒಪ್ಪಂದಗಳನ್ನು ಓದಿ ಹೇಳಲಿ. ನಿಮ್ಮಲ್ಲಿ ಎಷ್ಟೋ ಜನ ಈಗ ಸ್ವಂತ ಮನೆಯವರು, ಕೆಲವರು ಮನೆ ಬಾಡಿಗೆಗೆ ಕೊಡುವವರೂ ಹೌದು. ಹಾಗಿದ್ದರೆ ಮೊದಲು ನಿಮ್ಮ ಫೋನಿನಲ್ಲಿರುವ ಆ ಗುಂಡಿಯನ್ನು ಮನೆಯಲ್ಲಿ ವಾಸಿಸುವವರ ಕೈಗೆ ಕೊಡಿ. ಬರೆಯುವ ಗೆಳೆಯರು ಮುಂದಿನ ಸಲ ಹಿಮದ ಬಗ್ಗೆ ಬರೆಯುವಾಗ ಕೋಣೆಯ ಒಳಗೆ ಎಷ್ಟು ಡಿಗ್ರಿ ಇತ್ತು ಎಂಬುದನ್ನೂ ಬರೆಯಲಿ.

ಡಿಕನ್ಸನ ಕಥೆಯ ಕೊನೆಯಲ್ಲಿ ಮನಸ್ಸು ಬದಲಾದ ಸ್ಕ್ರೂಜ್ ಗುಮಾಸ್ತನಿಗೆ ಹೇಳುವ ಮಾತುಗಳಲ್ಲಿ ಒಂದು, ಬೆಂಕಿ ದೊಡ್ಡದು ಮಾಡು, ಇನ್ನೊಂದು ಕಲ್ಲಿದ್ದಲ ಪೆಟ್ಟಿಗೆ ಕೊಂಡು ತಾ ಎಂಬುದು. ಓದುವಾಗ ಕಣ್ಣು ತುಂಬುತ್ತದೆ. ಆದರೆ ಭೂತಗಳು ಬಂದು ಮಾಲೀಕರ ಮನಸ್ಸು ಕರಗಿಸುವವರೆಗೆ ಕಾಯಲು ಈಗ ಯಾರಿಗೂ ಪುರುಸೊತ್ತಿಲ್ಲ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ದೂರು ಬರೆಯುವುದಿದ್ದರೆ ಇವತ್ತೇ ಬರೆಯಬೇಕು.